ಎಂಜಲಿನ ಕೊಂಬು

ಉತ್ತರ ಯುರೋಪಿನ ಹಳೆಯ ದೇವತೆಗಳಿಗೆ ಮಾಡುವ ಬ್ಲೋಟ್ ಪೂಜೆಗೆ ಮೊದಲ ಸಲ ಹೋದಾಗ ನನಗೆ ಇಕ್ಕಟ್ಟಾದದ್ದು ಓಡಿನ್‌ನಿಂದಲೂ ಅಲ್ಲ, ಥೋರ್‌ನಿಂದಲೂ ಅಲ್ಲ, ಎಂಜಲಿನಿಂದ. ಡೆನ್ಮಾರ್ಕಿನ ಫ್ಯೂನ್ ದ್ವೀಪ, ಬೀಚ್ ಮರಗಳ ತೋಪು, ಸುತ್ತ ನಿಂತ ಹದಿನೈದು ಜನ. ಜೇನಿನ ಮದ್ಯ ತುಂಬಿದ ಕೊಂಬು ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ ಸುತ್ತುತ್ತಿತ್ತು. ಮೊದಲ ಸುತ್ತು ದೇವತೆಗಳ ಹೆಸರಲ್ಲಿ, ಎರಡನೆಯದು ಹಿರಿಯರಿಗೆ, ಮೂರನೆಯದು ಅವರವರ ಹರಕೆಗೋ ಮಾತಿಗೋ. ಶಿರಸಿ ಕಡೆಯ ಮನೆಯಲ್ಲಿ ಎಂಜಲು-ಮುಸುರೆ ನೋಡಿಕೊಂಡೇ ಬೆಳೆದವಳು ನಾನು. ನನ್ನ ಸರದಿ ಬಂದಾಗ ಚೊಂಬಿನ ನೀರು ಕುಡಿಯುವ ಹಾಗೆ ಎತ್ತಿ ಸುರಿದುಕೊಂಡೆ. ಬಾಗಿದ ತುದಿಗೆ ಗಾಳಿ ನುಗ್ಗಿ ಮದ್ಯವೆಲ್ಲ ಒಮ್ಮೆಲೇ ದಬಕ್ಕನೆ ಮುಖದ ಮೇಲೆ ಬಿತ್ತು. ಮೂಗಿನಲ್ಲಿ ಜೇನು, ಸ್ವೆಟರಿನಲ್ಲೂ ಜೇನು.

ನಕ್ಕು ಮುಗಿದ ಮೇಲೆ ಗೋದೆ, ಅಂದರೆ ಪುರೋಹಿತರು, "ನಿನ್ನದೇ ಒಂದು ಮಾಡಿಕೋ, ದೊಡ್ಡ ಕೊಂಬಿನಿಂದ ಅದಕ್ಕೆ ಬಗ್ಗಿಸುತ್ತೇನೆ" ಎಂದರು. ಹಾಗೆ ಸ್ವಂತ ಪಾತ್ರೆ ತರುವವರು ಗುಂಪಿನಲ್ಲಿ ಆಗಲೇ ಇದ್ದರಂತೆ.

ಇಲ್ಲಿ ಯಾರ ಮನೆಯಲ್ಲೂ ಅಜ್ಜಿಯಿಂದ ಬಂದ ಪಂಚಪಾತ್ರೆಯಂಥದು ಇಲ್ಲ. ಡೇನರನ್ನು ಕ್ರೈಸ್ತರನ್ನಾಗಿ ಮಾಡಿದೆ ಎಂದು ಹರಾಲ್ಡ್ ಬ್ಲೂಟೂತ್ ದೊರೆ ಯೆಲ್ಲಿಂಗ್‌ನಲ್ಲಿ ಕಲ್ಲು ಕೆತ್ತಿಸಿದ್ದು 10ನೇ ಶತಮಾನದಲ್ಲಿ. ಹಳೆಯ ದೇವತೆಗಳನ್ನು ನಂಬುವವರ ಫೋರ್ನ್ ಸಿದ್ ಸಂಘ ಹುಟ್ಟಿದ್ದು 1997ರಲ್ಲಿ, ಸರ್ಕಾರ ಅದನ್ನು ಮಾನ್ಯ ಮಾಡಿದ್ದು 2003ರಲ್ಲಿ. ನಡುವೆ ಸಾವಿರ ವರ್ಷದ ಖಾಲಿ ಜಾಗ. ಎಲ್ಲರ ಪೂಜಾ ಸಾಮಾನೂ ಹೊಸತೇ. ಅದನ್ನು ಮುಚ್ಚಿಟ್ಟು 'ವೈಕಿಂಗರ ಕಾಲದಿಂದ ನಡೆದು ಬಂದದ್ದು' ಎಂದು ಮಾರುವವರನ್ನು ಕಂಡರೆ ನನಗಾಗದು.

ಹಸಿ ಕೊಂಬನ್ನು ಸಂತೆಯಲ್ಲಿ ಕೊಂಡೆ. ದನದ್ದು. ಮೊದಲು ಒಂದು ತಾಸು ಕುದಿಸಿ, ಒಳಗಿನ ತಿರುಳಿನ ಚೂರುಗಳನ್ನು ಕೆರೆದು ತೆಗೆದೆ. ತುದಿಯವರೆಗೆ ಚಾಕು ಹೋಗದ್ದಕ್ಕೆ ಮರಳು ಹಾಕಿ ಕುಲುಕಿದೆ. ಹೊರಗೆ ಮರಳು ಕಾಗದ, ಒರಟಾದ 120ರಿಂದ ಶುರು ಮಾಡಿ ನುಣುಪಾದ 600ರವರೆಗೆ. ಉಜ್ಜುವಾಗ ಕೂದಲು ಸುಟ್ಟ ವಾಸನೆ; ಕೊಂಬೂ ಕೂದಲೂ ಒಂದೇ ಕೆರಾಟಿನ್ ತಾನೆ. ಪಕ್ಕದ ಫ್ಲಾಟಿನವರು ಬಾಗಿಲು ಬಡಿದ ಮೇಲೆ ಬಾಲ್ಕನಿಗೆ ಹೋದೆ. ಬೂದು ಸಿಪ್ಪೆಯ ಕೆಳಗಿನಿಂದ ಬೆಲ್ಲದ ಪಾಕದಂಥ ಬಣ್ಣ ಎದ್ದು ಬಂತು.

ಒಳಗೆ ಜೇನುಮೇಣ ಬಳಿಯದಿದ್ದರೆ ಕುಡಿದದ್ದಕ್ಕೆಲ್ಲ ಕೊಂಬಿನ ವಾಸನೆ ಹತ್ತುತ್ತದೆ. ಮೇಣ ಕರಗಿಸಿ ಸುರಿದೆ. ಕೊಂಬು ತಣ್ಣಗಿತ್ತು. ಮೇಣ ಅಲ್ಲಲ್ಲೇ ಗಟ್ಟಿಯಾಗಿ, ಮುಂದಿನ ಬ್ಲೋಟ್‌ನಲ್ಲಿ ಹಪ್ಪಳದ ಚೂರಿನಂತೆ ತೇಲಿತು. ಫ್ರೇಯಾ ದೇವಿಯ ಹೆಸರು ಹೇಳಿ ಮೇಣ ಅಗಿದೆ. ಎರಡನೆಯ ಸಲ ಕೊಂಬನ್ನು ಬಿಸಿನೀರಲ್ಲಿ ಅದ್ದಿ, ಒಣಗಿಸಿ, ಬೆಚ್ಚಗಿರುವಾಗಲೇ ಮೇಣ ಹಾಕಿ ತಿರುಗಿಸುತ್ತಾ ಹೋದೆ, ತೆಳುವಾಗಿ ಕೂತಿತು. ಕುಡಿಯುವ ಪಾಠವೂ ಆಯಿತು: ತುದಿಯನ್ನು ಮೇಲೆತ್ತಬಾರದು, ಪಕ್ಕಕ್ಕೆ ಹಿಡಿದು ನಿಧಾನ ತಿರುಗಿಸಬೇಕು. ಮದ್ಯಕ್ಕೆ ಇಲ್ಲಿನವರು ಮ್ಯೂದ್ ಎನ್ನುತ್ತಾರೆ. ನಮ್ಮ ಬಾಯಲ್ಲಿರುವ ಮಧುವಿಗೂ ಅದಕ್ಕೂ ಒಂದೇ ಬೇರು.

ಮೇಲೆ ಏನಾದರೂ ಕೊರೆಯೋಣವೆಂದು ಕೋಪನ್‌ಹೇಗನ್ನಿನ ರಾಷ್ಟ್ರೀಯ ಮ್ಯೂಸಿಯಂನಲ್ಲಿ ಸ್ನೋಲ್ಡೆಲೆವ್ ಕಲ್ಲು ನೋಡಿದೆ. 9ನೇ ಶತಮಾನದ್ದು. ಒಂದಕ್ಕೊಂದು ಹೆಣೆದ ಮೂರು ಕುಡಿಯುವ ಕೊಂಬುಗಳು, ಪಕ್ಕದಲ್ಲೇ ಸ್ವಸ್ತಿಕ. ನಮ್ಮ ಹೊಸಿಲಲ್ಲಿ ರಂಗೋಲಿ ಹಿಟ್ಟಿನಲ್ಲಿ ಎಷ್ಟು ಸಲ ಎಳೆದ ಗೆರೆಗಳು! ಆದರೂ ಮೂರು ಕೊಂಬನ್ನಷ್ಟೇ ಕೊರೆದೆ. ಈ ನೆಲದಲ್ಲಿ ಆ ಗುರುತನ್ನು ನಾಜಿಗಳು ಹೊತ್ತು ತಿರುಗಿದ್ದಾರೆ. ನಮ್ಮೂರಿನಲ್ಲಿ ಶುಭವಾದದ್ದು ಎಂದು ಇಲ್ಲಿ ಯಾರಿಗೆ ವಿವರಿಸಲಿ? ರೂನ್ ಎಂಬ ಇಲ್ಲಿನ ಹಳೆಯ ಲಿಪಿಯ ಅಕ್ಷರಗಳಲ್ಲೂ ಕೆಲವಕ್ಕೆ ಅದೇ ಗತಿ.

ರೂನ್‌ಗಳನ್ನೂ ಮಾಡಿದ್ದೇನೆ, ಸೇಬಿನ ಕೊಂಬೆಯ ಬಿಲ್ಲೆಗಳಲ್ಲಿ, 24. ಹಣ್ಣು ಬಿಡುವ ಮರದ ಕೊಂಬೆ ಕಡಿದು, ಗುರುತು ಹಾಕಿ, ಬಿಳಿ ಬಟ್ಟೆಯ ಮೇಲೆ ಚೆಲ್ಲಿ ಮೂರನ್ನು ಎತ್ತುತ್ತಾರೆ ಎಂದು ರೋಮಿನ ಟ್ಯಾಸಿಟಸ್ ಜರ್ಮಾನಿಕ್ ಜನರ ಬಗ್ಗೆ ಬರೆದಿದ್ದಾನೆ. ಅವನು ಹೇಳಿದ ಗುರುತುಗಳು ರೂನ್‌ಗಳೇ ಎನ್ನಲು ಆಧಾರವಿಲ್ಲ. ನನಗೆ ಭವಿಷ್ಯ ಕೇಳುವ ಹುಚ್ಚೂ ಇಲ್ಲ, ಚೀಲ ಕಪಾಟಿನಲ್ಲಿದೆ. ಕೊರಳಿನ ಥೋರ್ ಸುತ್ತಿಗೆ ಮಾತ್ರ ಅಂಗಡಿಯದು.

ಅಮ್ಮನಿಗೆ ವಿಡಿಯೋ ಕಾಲ್‌ನಲ್ಲಿ ಕೊಂಬು ತೋರಿಸಿದೆ. "ಚಂದ ಇದ್ದು. ಆದ್ರೆ ದೇವರ ಪೀಠದ ಹತ್ರ ಇಡಡ ಕೂಸೇ" ಎಂದಳು. ಇಟ್ಟಿಲ್ಲ, ಅಡುಗೆಮನೆಯ ಮೊಳೆಗೆ ತೂಗುಹಾಕಿದ್ದೇನೆ.

ಹೋದ ಚಳಿಗಾಲದ ಬ್ಲೋಟ್‌ಗೆ ಹೊಸಬನೊಬ್ಬ ಬರಿಗೈಯಲ್ಲಿ ಬಂದಿದ್ದ. ನೆಗಡಿಯ ಕಾಲವೆಂದು ದೊಡ್ಡ ಕೊಂಬನ್ನು ಅವತ್ತು ಸುತ್ತಿಸಿರಲಿಲ್ಲ, ಎಲ್ಲರಿಗೂ ಬಗ್ಗಿಸಿಯೇ ಕೊಡುತ್ತಿದ್ದರು. ಹಿರಿಯರ ಸುತ್ತಿನಲ್ಲಿ ನಾನು ಅಜ್ಜಿಯ ಹೆಸರು ಹೇಳಿ, ಒಂದು ಗುಟುಕು ಕುಡಿದು, ಒಂದಿಷ್ಟು ಹಿಮದ ಮೇಲೆ ಚೆಲ್ಲಿ, ಉಳಿದದ್ದನ್ನು ಅವನಿಗೆ ಚಾಚಿದೆ. ಅವನು ತುದಿ ಮೇಲೆತ್ತಿದ. ಪಕ್ಕಕ್ಕೆ, ಪಕ್ಕಕ್ಕೆ ಎನ್ನುವಷ್ಟರಲ್ಲಿ ಗಡ್ಡವೆಲ್ಲ ಒದ್ದೆ. ಮನೆಗೆ ಬಂದು ತಣ್ಣೀರಿನಲ್ಲೇ ತೊಳೆದೆ. ಬಿಸಿನೀರು ಹಾಕಿದರೆ ಮೇಣ ಕರಗುತ್ತದೆ.