ವಿಡಿಯೊ ತಿದ್ದಿದ್ದಾರೆಯೇ? ಕಡತವನ್ನೇ ಕೇಳಿ

ಜಿಲ್ಲಾ ಕೇಂದ್ರವೊಂದರ ದಿನಸಿ ಅಂಗಡಿಯ ಮಾಲೀಕರು ಒಂದು ಪೆನ್‌ಡ್ರೈವ್ ಹಿಡಿದು, ವಿಡಿಯೊ ಪರೀಕ್ಷೆ ಮಾಡುವ ನನ್ನ ಬಳಿ ಬಂದಿದ್ದರು. ಗಲ್ಲಾಪೆಟ್ಟಿಗೆಗೆ ಕೈ ಹಾಕಿದವನು ಅವರ ಸಿಸಿಟಿವಿಯಲ್ಲಿ ಸಿಕ್ಕಿಬಿದ್ದಿದ್ದ. ಅವರು ಡಿವಿಆರ್ (ಕ್ಯಾಮೆರಾ ದೃಶ್ಯಗಳನ್ನು ದಾಖಲಿಸಿಡುವ ಪೆಟ್ಟಿಗೆ) ಪರದೆಯನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ಮಗನಿಗೆ ವಾಟ್ಸ್‌ಆ್ಯಪ್ ಮಾಡಿದ್ದರು. ಮಗ ವಕೀಲರಿಗೆ ಕಳಿಸಿದ್ದ. ವಕೀಲರ ಕಂಪ್ಯೂಟರಿನಿಂದ ಅದು ಪೆನ್‌ಡ್ರೈವಿಗೆ ಇಳಿದಿತ್ತು. ನಡುವೆ ಕತ್ತರಿಸಿದ್ದಾರೆ ಎಂಬುದು ಎದುರು ಪಕ್ಷದ ತಕರಾರು. ಮೂಲ ಎಲ್ಲಿದೆ ಎಂದು ಕೇಳಿದೆ. ‘ಅದರ ಮೇಲೆ ಹೊಸದು ಕೂತುಬಿಟ್ಟಿದೆ ಸಾರ್, ಎರಡು ತಿಂಗಳಾಯ್ತಲ್ಲ’ ಎಂದರು. ಕತ್ತರಿಸಿಲ್ಲ ಎಂಬ ಅವರ ಮಾತು ನಿಜವೇ ಇದ್ದೀತು. ಅದನ್ನು ತೋರಿಸಿಕೊಡಲು ನನ್ನ ಕೈಯಲ್ಲಿ ಏನೂ ಉಳಿದಿರಲಿಲ್ಲ.

ವಿಡಿಯೊ ಪರೀಕ್ಷೆ ಎಂದರೆ ಪ್ರಯೋಗಾಲಯದಲ್ಲಿ ನಡೆಯುವ ಕೆಲಸ ಎಂದು ಬಹುತೇಕರು ತಿಳಿದಿದ್ದಾರೆ. ಆದರೆ ಅರ್ಧ ಪರೀಕ್ಷೆ ಘಟನೆ ನಡೆದ ದಿನವೇ, ಡಿವಿಆರ್ ಇರುವ ಕೋಣೆಯಲ್ಲೇ ಮುಗಿದಿರುತ್ತದೆ. ಆದ್ದರಿಂದ ಅಲ್ಲಿಂದಲೇ ಶುರು ಮಾಡೋಣ.

ಮೊದಲು ಮೂಲವನ್ನು ಉಳಿಸಿಕೊಳ್ಳಿ

ಡಿಸ್ಕ್ ತುಂಬಿದ ಮೇಲೆ ಡಿವಿಆರ್ ಹಳೆಯದನ್ನು ಅಳಿಸಿ ಅದೇ ಜಾಗದಲ್ಲಿ ಹೊಸದನ್ನು ಬರೆಯುತ್ತಾ ಹೋಗುತ್ತದೆ. ಡಿಸ್ಕ್ ಎಷ್ಟು ದೊಡ್ಡದು, ಕ್ಯಾಮೆರಾಗಳು ಎಷ್ಟು ಎಂಬುದರ ಮೇಲೆ ಹದಿನೈದು ದಿನವೋ ತಿಂಗಳೋ ಅಷ್ಟೇ ಆಯುಷ್ಯ. ಹಾಗಾಗಿ ವಿಷಯ ತಿಳಿದ ಕೂಡಲೇ ರೆಕಾರ್ಡಿಂಗ್ ನಿಲ್ಲಿಸಬೇಕು.

ನಿಲ್ಲಿಸುವ ಮುನ್ನ ಒಂದು ಫೋಟೊ ತೆಗೆಯಿರಿ. ಡಿವಿಆರ್ ಪರದೆಯ ಗಡಿಯಾರದ ಪಕ್ಕದಲ್ಲೇ ಸರಿಯಾದ ಸಮಯ ತೋರಿಸುವ ಮೊಬೈಲ್ ಹಿಡಿದು, ಇನ್ನೊಂದು ಮೊಬೈಲಿನಿಂದ ಎರಡೂ ಒಟ್ಟಿಗೆ ಕಾಣುವಂತೆ ತೆಗೆಯಬೇಕು. ಇಂಟರ್‌ನೆಟ್‌ಗೆ ಜೋಡಿಸದ ಡಿವಿಆರ್ ಗಡಿಯಾರ ಹಿಂದುಮುಂದಾಗಿರುವುದು ತೀರಾ ಸಾಮಾನ್ಯ. ‘ಡಿವಿಆರ್ ಗಡಿಯಾರ 11 ನಿಮಿಷ ಮುಂದಿದೆ’ ಎಂದು ಮಹಜರಿನಲ್ಲಿ ಅಂದೇ ಬರೆದಿಟ್ಟರೆ, ಎರಡು ವರ್ಷದ ನಂತರ ಪಾಟೀಸವಾಲಿನಲ್ಲಿ ಆರೋಪಿ ಆ ಹೊತ್ತಿಗೆ ಬಸ್ಸಿನಲ್ಲಿದ್ದ ಎಂಬ ಟಿಕೆಟ್ ಎದ್ದುಬಂದರೂ ಉತ್ತರ ಕೈಯಲ್ಲಿರುತ್ತದೆ. ಇಲ್ಲದಿದ್ದರೆ ಆ 11 ನಿಮಿಷವೇ ‘ತಿದ್ದಿದ್ದಾರೆ’ ಎಂಬ ವಾದಕ್ಕೆ ದಾರಿ ಮಾಡಿಕೊಡುತ್ತದೆ.

ದೃಶ್ಯ ಹೊರತೆಗೆಯುವಾಗ ಎಂಪಿ4 ಎಂಬ ಸಾಮಾನ್ಯ ವಿಡಿಯೊ ಮಾದರಿಯ ಆಯ್ಕೆ ಮೊದಲು ಕಣ್ಣಿಗೆ ಬೀಳುತ್ತದೆ. ಅದಕ್ಕೆ ಮನಸೋಲಬೇಡಿ. ಡಿವಿಆರ್ ತಯಾರಿಸಿದ ಕಂಪನಿಯ ಸ್ವಂತ ಮಾದರಿಯಲ್ಲೇ, ಅದರದೇ ಪ್ಲೇಯರ್ ಸಮೇತ ತೆಗೆದುಕೊಳ್ಳಿ. ಬೇರೆ ಮಾದರಿಗೆ ಬದಲಾಯಿಸಿದಾಗ ಪರೀಕ್ಷೆಗೆ ಬೇಕಾದ ಒಳಗಿನ ಮಾಹಿತಿ ಸೋರಿಹೋಗುತ್ತದೆ. ಡಿಸ್ಕನ್ನೇ ಜಪ್ತಿ ಮಾಡಿದ್ದರೆ ನೇರವಾಗಿ ಕಂಪ್ಯೂಟರಿಗೆ ಸಿಕ್ಕಿಸಬಾರದು. ಡಿವಿಆರ್ ಡಿಸ್ಕಿನ ಬರವಣಿಗೆಯ ಕ್ರಮ ವಿಂಡೋಸ್‌ಗೆ ಅರ್ಥವಾಗದೆ ‘ಫಾರ್ಮ್ಯಾಟ್ ಮಾಡಲೇ’ ಎಂದು ಕೇಳುವುದುಂಟು. ಆತುರದಲ್ಲಿ ‘ಹೌದು’ ಒತ್ತಿದರೆ ಪ್ರಕರಣವೇ ಹಾಳು. ರೈಟ್ ಬ್ಲಾಕರ್ ಎಂಬ ಪುಟ್ಟ ಸಾಧನ ನಡುವೆ ಇದ್ದರೆ ಡಿಸ್ಕಿನಿಂದ ಓದಬಹುದು, ಅದರ ಮೇಲೆ ಬರೆಯಲಾಗದು. ಅದರ ಮೂಲಕ ಇಡೀ ಡಿಸ್ಕಿನ ಪಡಿಯಚ್ಚು ತೆಗೆದು, ಮುಂದಿನ ಕೆಲಸವನ್ನೆಲ್ಲ ಪಡಿಯಚ್ಚಿನ ಮೇಲೆಯೇ ಮಾಡಬೇಕು.

ಮೊಬೈಲಿನಲ್ಲಿ ತೆಗೆದ ವಿಡಿಯೊ ಆದರೆ ಆ ಮೊಬೈಲೇ ಮೂಲ. ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೊ ಆಗಿ ಕಳಿಸಿದರೆ ಅದು ಕುಗ್ಗುತ್ತದೆ, ಹೊಸದಾಗಿ ಕಟ್ಟಲ್ಪಡುತ್ತದೆ, ಯಾವ ಮೊಬೈಲಿನಲ್ಲಿ ತೆಗೆದದ್ದು ಎಂಬ ವಿವರ ಅಳಿಸಿಹೋಗುತ್ತದೆ. ಕಳಿಸಲೇಬೇಕಾಗಿ ಬಂದರೆ ‘ಡಾಕ್ಯುಮೆಂಟ್’ ಆಗಿ ಕಳಿಸಿ. ಮೊಬೈಲಿನಲ್ಲಿರುವುದನ್ನು ಮಾತ್ರ ಅಳಿಸಬೇಡಿ.

ಹ್ಯಾಷ್ ಬರೆದಿಡಿ

ಕಡತವೊಂದನ್ನು ಗಣಿತ ಸೂತ್ರಕ್ಕೆ ಹಾಕಿ ತೆಗೆದ ಗುರುತಿನ ಸಂಖ್ಯೆಯೇ ಹ್ಯಾಷ್. ಎಸ್‌ಎಚ್‌ಎ-256 ಸೂತ್ರ 64 ಅಕ್ಷರ-ಅಂಕಿಗಳ ಸಾಲೊಂದನ್ನು ಕೊಡುತ್ತದೆ. ಎರಡು ಗಂಟೆಯ ವಿಡಿಯೊದಲ್ಲಿ ಒಂದೇ ಒಂದು ಬಿಟ್ ಬದಲಾದರೂ ಆ ಸಾಲು ಗುರುತೇ ಸಿಗದಷ್ಟು ಬೇರೆಯಾಗುತ್ತದೆ. ವಿಂಡೋಸ್‌ನಲ್ಲಿ ಇದಕ್ಕೆ ಸರ್ಟ್‌ಯುಟಿಲ್ ಎಂಬ ಉಪಕರಣ ಮೊದಲೇ ಇರುತ್ತದೆ, ದುಡ್ಡು ಕೊಡಬೇಕಿಲ್ಲ. ಹಳೆಯ ಎಂಡಿ5 ಸೂತ್ರದಲ್ಲಿ ಎರಡು ಬೇರೆ ಕಡತಗಳಿಗೆ ಒಂದೇ ಹ್ಯಾಷ್ ಬರಿಸಬಹುದೆಂದು 2004ರಲ್ಲಿ, ಎಸ್‌ಎಚ್‌ಎ-1ರಲ್ಲೂ ಅದು ಸಾಧ್ಯವೆಂದು 2017ರಲ್ಲಿ ತೋರಿಸಲಾಗಿದೆ. ಎಸ್‌ಎಚ್‌ಎ-256 ಬಳಸಿದರೆ ಆ ಚರ್ಚೆಯೇ ಏಳುವುದಿಲ್ಲ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಡಿ ಎಲೆಕ್ಟ್ರಾನಿಕ್ ಸಾಕ್ಷ್ಯದ ಜತೆ ಕೊಡಬೇಕಾದ ಪ್ರಮಾಣಪತ್ರಕ್ಕೆ ಎರಡು ಭಾಗಗಳಿವೆ. ‘ಎ’ ಭಾಗವನ್ನು ಸಾಕ್ಷ್ಯ ಹಾಜರುಪಡಿಸುವವರು, ‘ಬಿ’ ಭಾಗವನ್ನು ತಜ್ಞರು ತುಂಬಬೇಕು. ಎರಡರಲ್ಲೂ ಹ್ಯಾಷ್ ನಮೂದಿಸಬೇಕು. ಹಿಂದಿನ ಕಾಯ್ದೆಯ 65ಬಿ ಪ್ರಮಾಣಪತ್ರ ಕಡ್ಡಾಯವೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದ ಪ್ರಕರಣವೂ ವಿಡಿಯೊಗೆ ಸಂಬಂಧಿಸಿದ್ದೇ. ಮಹಾರಾಷ್ಟ್ರದ ಜಾಲ್ನಾದಲ್ಲಿ ಚುನಾವಣಾಧಿಕಾರಿಯ ಕಚೇರಿಯ ಕ್ಯಾಮೆರಾ ದೃಶ್ಯಗಳು ಅಲ್ಲಿ ಸಾಕ್ಷ್ಯವಾಗಿದ್ದವು.

ಒಂದನ್ನು ಮರೆಯಬಾರದು. ಹ್ಯಾಷ್ ತೆಗೆದ ಕ್ಷಣದಿಂದೀಚೆಗೆ ಕಡತ ಬದಲಾಗಿಲ್ಲ ಎಂದಷ್ಟೇ ಅದು ಹೇಳುತ್ತದೆ. ಅದಕ್ಕೂ ಮೊದಲು ಯಾರಾದರೂ ಕೈಯಾಡಿಸಿದ್ದರೆ ಅದಕ್ಕೆ ಗೊತ್ತಾಗುವುದಿಲ್ಲ. ಅದನ್ನು ತಿಳಿಯಲು ಕಡತದ ಹೊಟ್ಟೆಯೊಳಗೆ ಇಳಿಯಬೇಕು.

ಡಬ್ಬಿಗಳನ್ನು ತೆರೆದು ನೋಡಿ

ಎಂಪಿ4 ಕಡತ ಸಣ್ಣದೊಡ್ಡ ಡಬ್ಬಿಗಳ ಸಾಲು. ಒಂದು ಡಬ್ಬಿಯಲ್ಲಿ ‘ನಾನು ಇಂಥ ಬಗೆಯ ಕಡತ’ ಎಂಬ ಗುರುತು, ಇನ್ನೊಂದರಲ್ಲಿ ದೃಶ್ಯ-ಧ್ವನಿಯ ಸರಕು, ಮತ್ತೊಂದರಲ್ಲಿ ಯಾವ ಫ್ರೇಮ್ ಎಲ್ಲಿದೆ ಎಂಬ ಪರಿವಿಡಿ. ಈ ಪರಿವಿಡಿಯ ಡಬ್ಬಿಗೆ ‘ಮೂವ್’ ಎಂದು ಹೆಸರು. ಮೊಬೈಲ್ ಕ್ಯಾಮೆರಾ ಚಿತ್ರೀಕರಣ ಮುಗಿದ ಮೇಲೆ ಪರಿವಿಡಿ ಬರೆಯುವುದರಿಂದ ಅದು ಸಾಮಾನ್ಯವಾಗಿ ಕೊನೆಯಲ್ಲಿರುತ್ತದೆ. ಅಂತರ್ಜಾಲಕ್ಕೆಂದು ಸಿದ್ಧಪಡಿಸುವ ತಂತ್ರಾಂಶಗಳು ಅದನ್ನು ಮುಂದಕ್ಕೆ ತಂದಿಡುತ್ತವೆ. ಮೀಡಿಯಾಇನ್ಫೊ, ಎಕ್ಸಿಫ್‌ಟೂಲ್, ಎಫ್‌ಎಫ್‌ಪ್ರೋಬ್ ಎಂಬ ಉಚಿತ ತಂತ್ರಾಂಶಗಳಲ್ಲಿ ಇವನ್ನೆಲ್ಲ ಓದಬಹುದು. ಎಫ್‌ಎಫ್‌ಎಂಪೆಗ್ ಎಂಬ ವಿಡಿಯೊ ಪರಿವರ್ತನೆಯ ತಂತ್ರಾಂಶದ ಮೂಲಕ ಹಾದುಬಂದ ಕಡತದಲ್ಲಿ ‘ಲ್ಯಾವ್‌ಎಫ್’ ಎಂಬ ಮುದ್ರೆ ಸಾಮಾನ್ಯವಾಗಿ ಉಳಿದಿರುತ್ತದೆ. ‘ನನ್ನ ಮೊಬೈಲಿನಿಂದ ನೇರವಾಗಿ ಬಂದದ್ದು’ ಎಂದು ಹೇಳುವ ವಿಡಿಯೊದಲ್ಲಿ ಈ ಮುದ್ರೆ ಕಂಡರೆ ಪ್ರಶ್ನೆ ಕೇಳಲೇಬೇಕು.

ಸಾಧ್ಯವಾದರೆ ಅದೇ ಮಾದರಿಯ ಮೊಬೈಲಿನಲ್ಲಿ ಹೊಸ ವಿಡಿಯೊ ತೆಗೆದು ಎರಡರ ಡಬ್ಬಿಗಳ ಕ್ರಮವನ್ನು ಪಕ್ಕಪಕ್ಕ ಇಟ್ಟು ನೋಡಿ. ನನ್ನ ಅನುಭವದಲ್ಲಿ ಇದಕ್ಕಿಂತ ಅಗ್ಗದ, ಇದಕ್ಕಿಂತ ಗಟ್ಟಿಯಾದ ಪರೀಕ್ಷೆ ಇನ್ನೊಂದಿಲ್ಲ.

ಸಮಯದ ವಿಷಯದಲ್ಲಿ ಎಡವುವವರು ಬಹಳ. ಎಂಪಿ4 ಕಡತ 1904ರ ಜನವರಿ 1ರಿಂದ ಎಷ್ಟು ಸೆಕೆಂಡ್ ಕಳೆದಿದೆ ಎಂದು ಎಣಿಸಿ ದಿನಾಂಕ ಇಟ್ಟುಕೊಳ್ಳುತ್ತದೆ, ಅದೂ ಜಾಗತಿಕ ಕಾಲಮಾನದಲ್ಲಿ. ಸಂಜೆ ನಾಲ್ಕಕ್ಕೆ ತೆಗೆದ ವಿಡಿಯೊ ಕಡತದೊಳಗೆ ಬೆಳಿಗ್ಗೆ ಹತ್ತೂವರೆ ಎಂದು ತೋರಿಸಿದರೆ ಗಾಬರಿ ಬೇಡ, ಅದು ನಮ್ಮ ಐದೂವರೆ ಗಂಟೆಯ ಅಂತರ. ಕೆಲವು ಸಾಧನಗಳು ಸ್ಥಳೀಯ ಸಮಯವನ್ನೇ ಬರೆಯುವುದೂ ಉಂಟು. ಆದ್ದರಿಂದ ಆ ಸಾಧನದ ಅಭ್ಯಾಸ ನೋಡಿಕೊಂಡೇ ಮಾತಾಡಬೇಕು.

ತಂತ್ರಾಂಶದ ಮುದ್ರೆ ಕಂಡ ಮಾತ್ರಕ್ಕೆ ಮೋಸ ಎನ್ನಲಾಗದು. 2025ರ ಜುಲೈನಲ್ಲಿ ಅಮೆರಿಕದ ನ್ಯಾಯ ಇಲಾಖೆ, ಲೈಂಗಿಕ ಅಪರಾಧಗಳ ಆರೋಪ ಹೊತ್ತ ಉದ್ಯಮಿ ಜೆಫ್ರಿ ಎಪ್‌ಸ್ಟೀನ್ 2019ರಲ್ಲಿ ಸತ್ತ ಜೈಲಿನ ಸುಮಾರು 11 ಗಂಟೆಯ ಸಿಸಿಟಿವಿ ದೃಶ್ಯವನ್ನು ಕಚ್ಚಾ ವಿಡಿಯೊ ಎಂದು ಹೊರಬಿಟ್ಟಿತು. ಅದು ಕನಿಷ್ಠ ಎರಡು ತುಣುಕುಗಳನ್ನು ಅಡೋಬಿ ಪ್ರೀಮಿಯರ್ ಪ್ರೊದಲ್ಲಿ ಜೋಡಿಸಿ ಉಳಿಸಿದ ಕಡತ ಎಂದು ಅದರ ಒಳಮಾಹಿತಿಯಿಂದ ವೈರ್ಡ್ ಪತ್ರಿಕೆ ಕಂಡುಹಿಡಿಯಿತು. ಮಧ್ಯರಾತ್ರಿಗೆ ಮುನ್ನ ಸುಮಾರು ಒಂದು ನಿಮಿಷವೂ ಇರಲಿಲ್ಲ. ಆ ನಿಮಿಷದ ದೃಶ್ಯ ಕೆಲವು ತಿಂಗಳ ನಂತರ ಹೊರಬಂತು. ತುಣುಕು ಜೋಡಿಸುವುದು ಕಚೇರಿಗಳಲ್ಲಿ ದಿನನಿತ್ಯ ನಡೆಯುವ ಕೆಲಸವೇ ಇರಬಹುದು. ಆದರೆ ಜೋಡಿಸಿದ್ದನ್ನು ಕಚ್ಚಾ ಎಂದು ಕರೆದದ್ದರಿಂದ ಅನುಮಾನ ಬೆಟ್ಟದಷ್ಟಾಯಿತು.

ಫ್ರೇಮುಗಳ ಲೆಕ್ಕ

ವಿಡಿಯೊದಲ್ಲಿ ಪ್ರತಿಯೊಂದು ಫ್ರೇಮೂ ಪೂರ್ತಿ ಚಿತ್ರವಲ್ಲ. ಅಂಗಡಿಯವರು ತಿಂಗಳಿಗೊಮ್ಮೆ ಇಡೀ ಸರಕಿನ ಪಟ್ಟಿ ಬರೆದು, ಉಳಿದ ದಿನ ‘ಎರಡು ಮೂಟೆ ಬಂತು, ಒಂದು ಹೋಯಿತು’ ಎಂದಷ್ಟೇ ಗುರುತು ಹಾಕಿಕೊಳ್ಳುವಂತೆ, ಒಂದು ಪೂರ್ಣ ಚಿತ್ರ, ಅದರ ಹಿಂದೆ ಹಲವು ಬದಲಾವಣೆಯ ಟಿಪ್ಪಣಿಗಳು. ಪೂರ್ಣ ಚಿತ್ರಕ್ಕೆ ಐ-ಫ್ರೇಮ್ ಎಂದೂ, ಟಿಪ್ಪಣಿಗಳಿಗೆ ಪಿ-ಫ್ರೇಮ್, ಬಿ-ಫ್ರೇಮ್ ಎಂದೂ ಹೆಸರು.

ಸೆಕೆಂಡಿಗೆ 25 ಫ್ರೇಮ್ ತೆಗೆಯುವ ಕ್ಯಾಮೆರಾ ಪ್ರತಿ 25ಕ್ಕೊಂದು ಐ-ಫ್ರೇಮ್ ಇಡುತ್ತದೆ ಎಂದುಕೊಳ್ಳಿ. ಆ 25 ಸೇರಿ ಒಂದು ಗುಂಪು. ಯಾರೋ ಮೊದಲ ಗುಂಪಿನಿಂದ 10 ಫ್ರೇಮ್ ಕಿತ್ತು ಮತ್ತೆ ಉಳಿಸಿದರು. ಹೊಸ ಕಡತದಲ್ಲೂ ಪ್ರತಿ 25ಕ್ಕೊಂದು ಐ-ಫ್ರೇಮ್ ಬರುತ್ತದೆ, ನೋಡಲು ಎಲ್ಲವೂ ಸರಿ. ಆದರೆ ಈಗ ಪ್ರತಿ ಹೊಸ ಗುಂಪಿನಲ್ಲಿ ಹಳೆಯ ಒಂದು ಗುಂಪಿನ 15, ಅದರ ಮುಂದಿನ ಗುಂಪಿನ 10 ಫ್ರೇಮುಗಳು ಸೇರಿಕೊಂಡಿವೆ. ಒಂದೇ ಗುಂಪಿನಲ್ಲಿ ಹುಟ್ಟಿದ ಫ್ರೇಮುಗಳು ಒಂದಕ್ಕೊಂದು ಹೆಚ್ಚು ಹೋಲುತ್ತವೆ. 15ರಿಂದ 16ಕ್ಕೆ ದಾಟುವಾಗ ಹಳೆಯ ಗಡಿ ಸಿಗುತ್ತದೆ, ಅಲ್ಲಿ ಟಿಪ್ಪಣಿ ಇದ್ದಕ್ಕಿದ್ದಂತೆ ಉದ್ದವಾಗುತ್ತದೆ. ಪ್ರತಿ ಫ್ರೇಮಿನ ಟಿಪ್ಪಣಿಯ ಗಾತ್ರವನ್ನು ನಕ್ಷೆ ಮಾಡಿದರೆ ಕತ್ತರಿಸಿದ ಜಾಗದಿಂದಾಚೆ 25 ಫ್ರೇಮಿಗೊಮ್ಮೆ ಮುಳ್ಳಿನಂತೆ ಏರಿಳಿತ ಕಾಣುತ್ತದೆ. ಎರಡು ಬಾರಿ ಕುಗ್ಗಿಸಿದ ವಿಡಿಯೊದ ಈ ಲಕ್ಷಣವನ್ನು ವಾಂಗ್ ಮತ್ತು ಹ್ಯಾನಿ ಫರೀದ್ 2006ರಲ್ಲೇ ವಿವರಿಸಿದ್ದರು.

ಇದರ ಮಿತಿಯೂ ಇಲ್ಲೇ ಇದೆ. ಕಿತ್ತದ್ದು 10ರ ಬದಲು ಸರಿಯಾಗಿ 25 ಅಥವಾ 50 ಫ್ರೇಮ್ ಆಗಿದ್ದರೆ ಹಳೆಯ ಗಡಿಯೂ ಹೊಸ ಗಡಿಯೂ ಒಂದರ ಮೇಲೊಂದು ಕೂರುತ್ತವೆ, ಮುಳ್ಳು ಏಳುವುದಿಲ್ಲ. ಇನ್ನೊಂದೆಡೆ, ಮೊಬೈಲುಗಳು ಕತ್ತಲಲ್ಲಿ ಫ್ರೇಮ್ ವೇಗವನ್ನು ತಾವೇ ತಗ್ಗಿಸುತ್ತವೆ. ಫ್ರೇಮುಗಳ ನಡುವಿನ ಅಂತರ ಸಮನಾಗಿಲ್ಲ ಎಂದ ಕೂಡಲೇ ಕತ್ತರಿ ಹುಡುಕುವುದು ತಪ್ಪು.

ಸೆನ್ಸರಿನ ಬೆರಳಚ್ಚು, ಕರೆಂಟಿನ ಗುಂಯ್‌ಗುಡುವಿಕೆ

ಕ್ಯಾಮೆರಾ ಸೆನ್ಸರಿನ ಪ್ರತಿ ಬಿಂದುವೂ ಬೆಳಕಿಗೆ ತುಸು ಬೇರೆ ಬೇರೆಯಾಗಿ ಸ್ಪಂದಿಸುತ್ತದೆ. ಈ ವ್ಯತ್ಯಾಸದ ವಿನ್ಯಾಸ ಒಂದು ಕ್ಯಾಮೆರಾದಿಂದ ಇನ್ನೊಂದಕ್ಕೆ ಬದಲಾಗುತ್ತದೆ. ಬಿಳಿ ಗೋಡೆಯನ್ನೋ ತಿಳಿಯಾದ ಆಕಾಶವನ್ನೋ ಆ ಕ್ಯಾಮೆರಾದಿಂದ ಚಿತ್ರೀಕರಿಸಿ, ಹಲವು ಫ್ರೇಮುಗಳ ಸರಾಸರಿಯಿಂದ ವಿನ್ಯಾಸ ಹೆಕ್ಕಿ, ವಿವಾದದ ವಿಡಿಯೊದ ಜತೆ ತಾಳೆ ನೋಡುತ್ತಾರೆ. ಒಂದು ಭಾಗದಲ್ಲಿ ಮಾತ್ರ ತಾಳೆಯಾಗದಿದ್ದರೆ ಅಲ್ಲಿ ಹೊರಗಿನದೇನೋ ಅಂಟಿಸಿರುವ ಅನುಮಾನ ಬರುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಕುಗ್ಗಿದ ವಿಡಿಯೊದಲ್ಲಿ ಈ ಬೆರಳಚ್ಚು ಬಹಳ ಮಂಕಾಗಿರುತ್ತದೆ.

ಧ್ವನಿಯಲ್ಲಿ ಇನ್ನೊಂದು ಸಾಕ್ಷಿ ಅಡಗಿದೆ. ಫ್ರಿಜ್ಜು, ಟ್ರಾನ್ಸ್‌ಫಾರ್ಮರುಗಳ ಗುಂಯ್ ಎನ್ನುವ ಸದ್ದಿನಲ್ಲಿ ವಿದ್ಯುತ್ತಿನ 50 ಹರ್ಟ್ಸ್ ಸೇರಿರುತ್ತದೆ. ಅದು ಸದಾ ಸರಿಯಾಗಿ 50 ಇರುವುದಿಲ್ಲ, ಬೇಡಿಕೆ ಏರಿಳಿದಂತೆ ಚೂರು ಹೆಚ್ಚುಕಡಿಮೆ ಆಗುತ್ತಿರುತ್ತದೆ. ಆ ಏರಿಳಿತದ ಗೆರೆ ನಡುವೆ ಹಠಾತ್ತನೆ ಜಿಗಿದರೆ ಅಲ್ಲಿ ತುಂಡಾಗಿರಬಹುದು. ವಿದ್ಯುತ್ ಜಾಲದ ಅಂದಿನ ದಾಖಲೆ ಸಿಕ್ಕರೆ ಯಾವ ಹೊತ್ತಿನಲ್ಲಿ ಚಿತ್ರೀಕರಿಸಿದ್ದು ಎಂದೂ ಹೊಂದಿಸಿ ನೋಡಬಹುದು. ನಮ್ಮ ರಾಯಚೂರಿಗೂ ಇದರಲ್ಲಿ ಪಾತ್ರವಿದೆ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕೆವಿ ಮಾರ್ಗದ ಮೂಲಕ ದಕ್ಷಿಣದ ಜಾಲ ಉಳಿದ ದೇಶದ ಜಾಲಕ್ಕೆ ಬೆಸೆದುಕೊಂಡಿತು. ಅಲ್ಲಿಂದೀಚೆಗೆ ಬೀದರಿನಲ್ಲಿ ಆದ ಏರಿಳಿತವೇ ದಿಲ್ಲಿಯಲ್ಲೂ. ಹಾಗಾಗಿ ಈ ಸದ್ದು ಸಮಯ ಹೇಳೀತು, ಊರು ಹೇಳಲಾರದು.

ಡೀಪ್‌ಫೇಕ್ ಹುಡುಕಾಟ ಕೊನೆಗಿರಲಿ

ಈಗೀಗ ಎಲ್ಲರೂ ಮೊದಲು ಕೇಳುವುದು ‘ಇದು ಎಐ ಮಾಡಿದ್ದಾ’ ಎಂದೇ. ಪತ್ತೆ ತಂತ್ರಾಂಶಗಳಿವೆ, ಆದರೆ ಒಂದು ಬಗೆಯ ನಕಲಿಗೆ ಪಳಗಿಸಿದ್ದು ಇನ್ನೊಂದು ಬಗೆಯ ಮುಂದೆ ಎಡವುತ್ತದೆ. ಅವು ಕೊಡುವ ಶೇಕಡಾವಾರು ಅಂಕವನ್ನೇ ವರದಿಯ ತೀರ್ಮಾನ ಮಾಡಬಾರದು. ಅದೂ ಅಲ್ಲದೆ ಜನರನ್ನು ನಂಬಿಸಲು ಅಷ್ಟೆಲ್ಲ ತಂತ್ರ ಬೇಕಾಗಿಯೂ ಇಲ್ಲ. 2019ರ ಮೇ ತಿಂಗಳಲ್ಲಿ ಅಮೆರಿಕದ ಸ್ಪೀಕರ್ ನ್ಯಾನ್ಸಿ ಪೆಲೋಸಿ ತೊದಲುವಂತೆ ಕಾಣಿಸಿದ ವಿಡಿಯೊವನ್ನು ಸುಮಾರು ಶೇ 75ರ ವೇಗಕ್ಕೆ ಇಳಿಸಿದ್ದರು, ಅಷ್ಟೇ. ಮೂಲ ಭಾಷಣವನ್ನು ಪಕ್ಕದಲ್ಲಿಟ್ಟು ಓಡಿಸಿದಾಗ ಬಣ್ಣ ಬಯಲಾಯಿತು.

ವರದಿಯಲ್ಲಿ ಏನು ಬರೆಯಬೇಕು

ಬಳಸಿದ ಪ್ರತಿ ತಂತ್ರಾಂಶದ ಹೆಸರು, ಆವೃತ್ತಿ, ಕೊಟ್ಟ ಸೂಚನೆ ಎಲ್ಲವೂ ಇರಲಿ. ಇನ್ನೊಬ್ಬ ಪರೀಕ್ಷಕ ಅದೇ ದಾರಿಯಲ್ಲಿ ನಡೆದು ಅದೇ ಜಾಗ ತಲುಪಬೇಕು. ‘ವಿಡಿಯೊ ತಿದ್ದಿಲ್ಲ’ ಎಂದು ನಾನು ಎಂದೂ ಬರೆಯುವುದಿಲ್ಲ. ‘ಈ ಪರೀಕ್ಷೆಗಳಲ್ಲಿ ತಿದ್ದಿದ ಕುರುಹು ಕಂಡುಬಂದಿಲ್ಲ’ ಎಂದು ಬರೆಯುತ್ತೇನೆ. ಸರಿಯಾಗಿ 25 ಫ್ರೇಮ್ ಕಿತ್ತವನು ಎಲ್ಲಾದರೂ ಇದ್ದಾನು.

ತನಿಖಾಧಿಕಾರಿಗಳಿಗೆ ಒಂದು ವಿನಂತಿ. ಡಿವಿಆರ್ ಸೀಲು ಮಾಡಿ ಮುದ್ದೆಮಾಲಾಗಿ ಕಳಿಸುವಾಗ ಅದರ ಅಡಾಪ್ಟರ್, ಮೌಸ್, ಪಾಸ್‌ವರ್ಡ್ ಬರೆದ ಚೀಟಿಯನ್ನೂ ಅದೇ ಪೊಟ್ಟಣದಲ್ಲಿಡಿ. ಗಡಿಯಾರದ ಆ ಫೋಟೊದ ಪ್ರತಿಯನ್ನೂ.