ಕೂಸಿನ ಹೆಗಲಲ್ಲಿ ಉಳಿಯುತ್ತಿದ್ದ ಸಂದು

ಮರದ ಚೌಕಟ್ಟು ಜೋಡಿಸುವಾಗ ಕೂಸು, ಅಂದರೆ ಒಂದು ಪಟ್ಟಿಯ ತುದಿಯಲ್ಲಿ ಕೆತ್ತಿದ ನಾಲಿಗೆ, ಇನ್ನೊಂದರ ತೂತಿನೊಳಗೆ ಬಿಗಿಯಾಗಿಯೇ ಕೂರುತ್ತಿತ್ತು, ಆದರೆ ಹೆಗಲಿನ (ಕೂಸಿನ ಬುಡದಲ್ಲಿ ಸುತ್ತ ಉಳಿಯುವ ಮೆಟ್ಟಿಲಿನ) ಒಂದು ಬದಿಯಲ್ಲಿ ಉಗುರು ತೂರುವಷ್ಟು ಸಂದು. ಕ್ಲಾಂಪ್ ಬಿಗಿದರೆ ಚೌಕಟ್ಟೇ ಸೊಟ್ಟಗಾಯಿತು. ಅಂಟಿಗೆ ಮರದ ಹೊಟ್ಟು ಕಲಸಿ ತುಂಬಿದ್ದು ಕಲೆಯಾಗಿ ಎದ್ದು ಕಂಡಿತು.

ತಪ್ಪು ಇದ್ದದ್ದು ಹೆಗಲಿನ ಗೆರೆ ಗುರುತು ಹಾಕುವುದರಲ್ಲಿ. ಮೂಲೆಮಟ್ಟವನ್ನು (ಲಂಬಕೋನ ನೋಡುವ ಉಪಕರಣ) ನಾಲ್ಕೂ ಮುಖಕ್ಕೆ ತಿರುಗಿಸಿ ಹಿಡಿಯುತ್ತಿದ್ದೆ, ಅದೂ ದಪ್ಪ ಪೆನ್ಸಿಲ್ ಗೆರೆಯಲ್ಲಿ. ಈಗ ಒಂದು ಮುಖ, ಅದರ ಪಕ್ಕದ ಒಂದು ಅಂಚು, ಇವೆರಡೇ ಆಧಾರ. ಮಟ್ಟದ ಹಿಡಿ ಬೇರೆಲ್ಲೂ ಕೂರಬಾರದು. ಚೂಪು ಚಾಕುವಿನಿಂದ ಮೊದಲು ಹಗುರವಾಗಿ, ಆಮೇಲೆ ಒತ್ತಿ ಎರಡು ಸಲ ಗೀರಬೇಕು. ಸುತ್ತಿ ಬಂದ ಗೆರೆ ಮೊದಲಿನದಕ್ಕೆ ಸೇರದಿದ್ದರೆ ಮುಂದೆ ಹೋಗಬೇಡಿ, ಮರವನ್ನೇ ಮತ್ತೆ ಚೌಕ ಮಾಡಿ. ನಂತರ ತೆಗೆದುಹಾಕುವ ಬದಿಯಿಂದ ಉಳಿಯನ್ನು ಓರೆಯಾಗಿ ಗೆರೆಯತ್ತ ತಳ್ಳಿ 1 ಮಿ.ಮೀ. ಆಳದ ಕಾಲುವೆ ತೆಗೆದೆ. ತೆಳು ಸಿಪ್ಪೆ ಸುರುಳಿಯಾಗಿ ಎದ್ದು, ಅಂಚು ಗಾಜು ಕೊಯ್ದಂತೆ ಉಳಿಯಿತು. ಗರಗಸ ಆ ಕಾಲುವೆಯಲ್ಲೇ ಕೂತು ನೇರ ಓಡಿತು.