ಯುದ್ಧಕ್ಕೆ ಹೋದ ಆಟಗಾರನ ಬಗ್ಗೆ ಬರೆಯುತ್ತೀರಾ? ಮೊದಲು ಆಟ ಬರೆಯಿರಿ

ಬಳ್ಳಾರಿಯಲ್ಲಿ ನಾವು ನಾಲ್ಕೈದು ಜನ ಭಾನುವಾರ ಸಂಜೆ ಒಗ್ಗರಣೆ-ಮಿರ್ಚಿ ಮುಂದಿಟ್ಟುಕೊಂಡು ಹಳೆ ಆಟಗಾರರ ಕಥೆ ಓದುತ್ತೇವೆ. ಒಮ್ಮೆ ನಾನು ಕೀತ್ ಟ್ರಸ್ಕಾಟ್ ಬಗ್ಗೆ ಬರೆದುಕೊಂಡು ಹೋದೆ. ಮೆಲ್ಬರ್ನ್ ತಂಡಕ್ಕೆ ಆಸ್ಟ್ರೇಲಿಯನ್ ರೂಲ್ಸ್ ಫುಟ್ಬಾಲ್ ಆಡುತ್ತಿದ್ದವನು, ಆಮೇಲೆ ಫೈಟರ್ ಪೈಲಟ್ ಆದ. ಮೂರು ಪುಟದಲ್ಲಿ ಎರಡೂವರೆ ಪುಟ ಬರೀ ವಿಮಾನ. ಒಬ್ಬ ಕೇಳಿಯೇ ಬಿಟ್ಟ: "ಅಲ್ಲಪ್ಪಾ, ಇವ ಆಟ ಆಡಿದ್ದು ಯಾವಾಗ?"

ಹಾಗಾಗಬಾರದು ಅಂದರೆ ಮೊದಲು ಸ್ಕೋರ್ ಓದಲು ಕಲಿಯಿರಿ. 1940ರ ಫೈನಲ್‌ನಲ್ಲಿ ಮೆಲ್ಬರ್ನ್ 15.17, ರಿಚ್ಮಂಡ್ 10.8. ಕ್ರಿಕೆಟ್ ನೋಡಿ ಬೆಳೆದ ನಮಗೆ ಇದು ಓವರ್ ಥರ ಕಾಣುತ್ತದೆ, ಆದರೆ ಓವರಿಗೆ ಎಂಟನೇ ಬಾಲ್ ಎಲ್ಲಿಂದ ಬರಬೇಕು? ಚುಕ್ಕೆಯ ಮುಂಚೆ ಇರುವುದು ಗೋಲು, ಆಮೇಲಿನದು ಬಿಹೈಂಡ್. ಒಂದೊಂದು ತುದಿಯಲ್ಲೂ ನಾಲ್ಕು ಕಂಬ ಇರುತ್ತವೆ. ನಡುವಿನ ಎರಡು ಎತ್ತರದ ಕಂಬಗಳ ಮಧ್ಯೆ ಒದ್ದರೆ ಗೋಲು, 6 ಪಾಯಿಂಟ್. ಎತ್ತರದ ಕಂಬಕ್ಕೂ ಪಕ್ಕದ ಗಿಡ್ಡ ಕಂಬಕ್ಕೂ ನಡುವೆ ಹೋದರೆ ಬಿಹೈಂಡ್, 1 ಪಾಯಿಂಟ್. ಲೆಕ್ಕ ಹಾಕಿ: 90ಕ್ಕೆ 17 ಸೇರಿ 107, ರಿಚ್ಮಂಡ್‌ದು 68. ಗೆಲುವು 39 ಪಾಯಿಂಟ್‌ದು.

ಆಮೇಲೆ ಪಂದ್ಯ ಎಣಿಸಿ. ಟ್ರಸ್ಕಾಟ್ ಒಟ್ಟು 50 ಪಂದ್ಯ ಆಡಿದ್ದಾನೆ, ಅದರಲ್ಲಿ ಒಂದು 1942ರಲ್ಲಿ, ಇಂಗ್ಲೆಂಡಿನಿಂದ ವಾಪಸ್ ಬಂದಾಗ. ಉಳಿದ 49 ಪಂದ್ಯ 1937ರಿಂದ 1940ರವರೆಗಿನವು. ಆಗ ಸೀಸನ್ನಿಗೆ 18 ಸುತ್ತು, ನಾಲ್ಕು ಸೀಸನ್ ಅಂದರೆ 72, ಫೈನಲ್‌ಗಳು ಬೇರೆ. ಅಂದರೆ ವಾರ ವಾರ ತಂಡದಲ್ಲಿ ಇರುತ್ತಿದ್ದವನಲ್ಲ, ಅಲ್ವಾ? ಆದರೂ 1939, 1940 ಎರಡೂ ವರ್ಷ ಗೆದ್ದ ತಂಡದಲ್ಲಿದ್ದ. ಹುಟ್ಟಿದಾಗಿನಿಂದಲೇ ಹೀರೋ ಅನ್ನೋ ಥರ ಬರೆಯುವ ಚಾಳಿ ಇದರಿಂದ ತಪ್ಪುತ್ತದೆ.

ಸೇನೆಗೆ ಸೇರಿದ ದಿನಾಂಕ ನೋಡಿ ಆಟ ಮುಗಿಯಿತು ಅಂದುಕೊಳ್ಳಬೇಡಿ. ನಾನು ಎಡವಿದ್ದು ಇಲ್ಲೇ. ಅವನು ವಾಯುಪಡೆಗೆ ಸೇರಿದ್ದು ಜುಲೈ 1940ರಲ್ಲಿ, ಆ ಫೈನಲ್ ನಡೆದದ್ದು ಸೆಪ್ಟೆಂಬರ್ 28ಕ್ಕೆ. ತರಬೇತಿಯಿಂದ ರಜೆ ಪಡೆದು ಬಂದು ಆಡಿದ.

ಹಳೆ ಪೇಪರ್ ಬೇಕಾದರೆ ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯದ ಟ್ರೋವ್ ಅನ್ನೋ ವೆಬ್‌ಸೈಟ್ ಇದೆ, ದುಡ್ಡು ಕೊಡಬೇಕಿಲ್ಲ, ಮೊಬೈಲಿನಲ್ಲೇ ಓದಬಹುದು. ವರ್ಷ 1937ರಿಂದ 1940ಕ್ಕೆ ಮಿತಿ ಹಾಕಿ. ಫೈನಲ್ ಶನಿವಾರ, ಹಾಗಾಗಿ ಸೋಮವಾರದ ಮೆಲ್ಬರ್ನ್ ಪತ್ರಿಕೆ 'ಆರ್ಗಸ್' ತೆಗೆಯಿರಿ. ಟ್ರಸ್ಕಾಟ್‌ನ ಅಡ್ಡಹೆಸರು 'ಬ್ಲೂಯಿ', ಹಾಗಂತಲೂ ಹುಡುಕಿ. ಕೆಂಪು ಕೂದಲಿನವರನ್ನು ಅಲ್ಲಿ 'ನೀಲಿ' ಅಂತ ಕರೆಯುತ್ತಾರೆ, ನಾವು ಆನೆಯಂಥವನನ್ನು ಕಡ್ಡಿ ಪೈಲ್ವಾನ್ ಅಂದ ಹಾಗೆ. ಮಷೀನ್ ಓದಿದ ಅಕ್ಷರಗಳಲ್ಲಿ ತಪ್ಪು ಜಾಸ್ತಿ, ಪುಟದ ಚಿತ್ರವನ್ನೇ ಹಿಗ್ಗಿಸಿ ನೋಡಿ.

ಬರೆಯುವಾಗ ಒಂದು ಹಿಡಿತ ಇರಲಿ. ಅದೇ 1940ರ ತಂಡದಲ್ಲಿ ರಾನ್ ಬರಾಸಿ ಇದ್ದ, ಮರುವರ್ಷ ಜುಲೈನಲ್ಲಿ ಲಿಬಿಯಾದ ಟೊಬ್ರುಕ್‌ನಲ್ಲಿ ಯುದ್ಧದಲ್ಲಿ ಸತ್ತ. ಟ್ರಸ್ಕಾಟ್ 1943ರ ಮಾರ್ಚ್‌ನಲ್ಲಿ ವಿಮಾನ ಅಪಘಾತದಲ್ಲಿ ಹೋದ. ಪಂದ್ಯದ ಮಧ್ಯೆ "ಪಾಪ, ಇನ್ನೆಷ್ಟು ದಿನ" ಅಂತ ಸೇರಿಸಬೇಡಿ. ಆ ಶನಿವಾರ ಅವರಿಬ್ಬರಿಗೂ ಗೊತ್ತಿದ್ದದ್ದು ಸ್ಕೋರ್ ಅಷ್ಟೇ.